ವಿನ್ಯಾಸದ ಹಂತದಲ್ಲೇ ಗುತ್ತಿಗೆದಾರರನ್ನು ಕರೆಯಬಹುದೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ಹಳ್ಳಕ್ಕಿದ್ದ ಹಳೆಯ ಸೇತುವೆ ಮಳೆಗಾಲದಲ್ಲಿ ಕೊಚ್ಚಿಹೋದ ಮೇಲೆ ಹೊಸದಕ್ಕೆ ಮಂಜೂರಾತಿ ಸಿಕ್ಕಿತು. ಬೆಂಗಳೂರಿನ ಸಲಹಾ ಸಂಸ್ಥೆಯೊಂದು ನಕ್ಷೆ ತಯಾರಿಸಿತು, ಟೆಂಡರ್ ಆಯಿತು. ಗುತ್ತಿಗೆದಾರರು ಬಂದು ನೋಡಿ, ಈ ನಕ್ಷೆಯ ಪ್ರಕಾರ ಇಲ್ಲಿ ಕಟ್ಟಲು ಆಗುವುದಿಲ್ಲ ಎಂದರು. ಪೈಲ್ (ಸೇತುವೆಯ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಕೊರೆಯುವ ಯಂತ್ರ ಊರಿನೊಳಗೆ ಬರಲೇ ಇಲ್ಲ. ಈಗ ಪರಿಷ್ಕೃತ ಅಂದಾಜಿನ ಕಡತ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದೆ. ಹೊರದೇಶಗಳಲ್ಲಿ ವಿನ್ಯಾಸ ಮಾಡುವಾಗಲೇ ಗುತ್ತಿಗೆದಾರರನ್ನು ಕೂರಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಏಕಿಲ್ಲ? ಹಾಗೆ ಮಾಡಿದರೆ ಕಳ್ಳನ ಕೈಗೇ ಕೀಲಿಕೈ ಕೊಟ್ಟಂತಾಗುವುದಿಲ್ಲವೇ? ಪಂಚಾಯಿತಿ ಸದಸ್ಯನಾಗಿ ನಾನೇನು ಮಾಡಬಹುದು?

ಉತ್ತರ: ಯಂತ್ರ ಬರಲೇ ಇಲ್ಲ ಎಂದು ಒಂದು ಸಾಲಿನಲ್ಲಿ ಬರೆದು ನೀವು ಮುಂದೆ ಹೋಗಿದ್ದೀರಿ. ನಾನು ಅಲ್ಲಿಂದಲೇ ಶುರುಮಾಡುತ್ತೇನೆ. ಸೇತುವೆಯ ಪೈಲ್ ಕೊರೆಯುವ ಹೈಡ್ರಾಲಿಕ್ ರಿಗ್ ಸಾಮಾನ್ಯವಾಗಿ 40ರಿಂದ 70 ಟನ್ ತೂಗುತ್ತದೆ. ಅದನ್ನು ಉದ್ದನೆಯ ಟ್ರೇಲರ್ ಮೇಲೆ ತರಬೇಕು. ಕೊಟ್ಟಿಗೆಹಾರದ ಆಸುಪಾಸಿನ ತೋಟದ ರಸ್ತೆಗಳನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ಲಾರಿಯೊಂದು ಹೋಗುವಷ್ಟು ಡಾಂಬರು, ಎರಡೂ ಬದಿ ಸಿಲ್ವರ್ ಓಕ್ ಮರಗಳು, ತಿರುವಿಗೊಂದರಂತೆ ಕಲ್ಲುಚಪ್ಪಡಿಯ ಹಳೆಯ ಮೋರಿ. ಕಾಫಿ ಮೂಟೆ ಹೊತ್ತ ಲಾರಿಯನ್ನೇ ಚಾಲಕರು ಆ ಮೋರಿಗಳ ಮೇಲೆ ಮೆಲ್ಲಗೆ ದಾಟಿಸುತ್ತಾರೆ.

ಬೆಂಗಳೂರಿನ ವಿನ್ಯಾಸಕಾರರ ಲೆಕ್ಕ ತಪ್ಪಿರಲಿಕ್ಕಿಲ್ಲ. ಪೈಲಿನ ವ್ಯಾಸ, ಆಳ, ಕಬ್ಬಿಣದ ಪ್ರಮಾಣ ಎಲ್ಲವೂ ಸಂಹಿತೆಗೆ ಸರಿಯಾಗಿಯೇ ಇದ್ದೀತು. ಆದರೆ ಇದನ್ನು ಯಾವ ಯಂತ್ರದಿಂದ ಕಟ್ಟುವುದು, ಆ ಯಂತ್ರ ಯಾವ ದಾರಿಯಲ್ಲಿ ಬರುವುದು, ಯಾವ ತಿಂಗಳಲ್ಲಿ ಹಳ್ಳಕ್ಕೆ ಇಳಿಯುವುದು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಕಟ್ಟುವವನ ತಲೆಯಲ್ಲಿ ಮಾತ್ರ ಆ ಪ್ರಶ್ನೆ ಮೊದಲು ಹುಟ್ಟುತ್ತದೆ. ಅವನ ಕೈಗೆ ನಕ್ಷೆ ಸಿಗುವ ಹೊತ್ತಿಗೆ ತಾಂತ್ರಿಕ ಮಂಜೂರಾತಿ ಮುಗಿದಿರುತ್ತದೆ, ಟೆಂಡರ್ ತೆರೆದಿರುತ್ತದೆ, ಕರಾರಿಗೆ ಸಹಿಯೂ ಬಿದ್ದಿರುತ್ತದೆ. ಆಮೇಲೆ ಒಂದು ಗೆರೆ ಬದಲಿಸಬೇಕೆಂದರೂ ಕಡತ ಮತ್ತೆ ಬುಡದಿಂದ ಮೆಟ್ಟಿಲು ಹತ್ತಬೇಕು.

ಮಲೆನಾಡಿನಲ್ಲಿ ಈ ತೊಂದರೆ ಬಯಲುಸೀಮೆಗಿಂತ ಹೆಚ್ಚು. ಹಳ್ಳದೊಳಗೆ ಕೆಲಸ ಮಾಡಲು ಸಿಗುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿ. ಅದೇ ಅವಧಿಯಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತದೆ, ರೊಬಸ್ಟಾ ಕೊಯ್ಲು ಶುರುವಾಗುತ್ತದೆ. ಕೂಲಿಯವರು ಸಿಗುವುದಿಲ್ಲ, ತೋಟದವರು ರಸ್ತೆ ಮುಚ್ಚಲು ಒಪ್ಪುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಕತ್ತಲಾದ ಮೇಲೆ ಕಾಡಾನೆಯ ಭಯ. ಸೇತುವೆಯ ಮೇಲ್ಹಾಸಿಗೆ ಒಂದೇ ಸಮನೆ ಕಾಂಕ್ರೀಟ್ ಸುರಿಯಬೇಕು, ಕೆಲಸ ರಾತ್ರಿಗೂ ಮುಂದುವರಿಯುತ್ತದೆ ಎಂದು ನಕ್ಷೆ ಭಾವಿಸಿಕೊಂಡಿದ್ದರೆ ಇಲ್ಲಿ ಅದು ನಡೆಯುವ ಮಾತಲ್ಲ. ಸಿದ್ಧ ಕಾಂಕ್ರೀಟನ್ನು ಸಾಮಾನ್ಯವಾಗಿ ಲಾರಿಗೆ ತುಂಬಿದ ಎರಡು ಗಂಟೆಯೊಳಗೆ ಸುರಿದು ಮುಗಿಸಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹಾಸನದ ಘಟಕದಿಂದ ಹೊರಟ ಲಾರಿ ಸಕಲೇಶಪುರ ದಾಟಿ ಒಳದಾರಿಗೆ ಇಳಿಯುವಷ್ಟರಲ್ಲಿ ಆ ಗಡುವಿನ ಬಹುಪಾಲು ಕಳೆದಿರುತ್ತದೆ. ಮೂವತ್ತು ಮೀಟರ್ ಉದ್ದದ ಸಿದ್ಧ ತೊಲೆ ಚಾರ್ಮಾಡಿಯ ತಿರುವುಗಳಲ್ಲಿ ತಿರುಗುವುದಿಲ್ಲ. ಇದಾವುದೂ ಗುಟ್ಟಲ್ಲ. ಈ ಸೀಮೆಯಲ್ಲಿ ನಾಲ್ಕು ಮೋರಿ ಕಟ್ಟಿದ ಮೇಸ್ತ್ರಿಯನ್ನು ಕೇಳಿದರೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಹೇಳಿಬಿಡುತ್ತಾನೆ.

ಹಾಗಾದರೆ ಟೆಂಡರ್ ಪೂರ್ವ ಸಭೆ ಇರುವುದು ಏತಕ್ಕೆ ಎಂದು ನೀವು ಕೇಳಬಹುದು. ಸಭೆಯೇನೋ ನಡೆಯುತ್ತದೆ. ಅಲ್ಲಿ ಗುತ್ತಿಗೆದಾರರು ಬಾಯಿ ಬಿಡುವುದಿಲ್ಲ, ಅಷ್ಟೇ. ಬಿಡದಿರುವುದರಲ್ಲೇ ಅವರಿಗೆ ಲಾಭ. ಹೇಗೆಂದು ನೋಡಿ. ಇದು ನಾನು ಕಟ್ಟಿಕೊಂಡ ಉದಾಹರಣೆ, ದರಗಳೂ ಕಾಲ್ಪನಿಕ.

ಅಂದಾಜಿನಲ್ಲಿ ಸಾಧಾರಣ ಮಣ್ಣು ಅಗೆತ 10,000 ಘನ ಮೀಟರ್, ಗಟ್ಟಿ ಬಂಡೆ 500 ಘನ ಮೀಟರ್ ಎಂದು ಬರೆದಿದೆ ಎನ್ನೋಣ. ಒಬ್ಬ ಗುತ್ತಿಗೆದಾರ ನ್ಯಾಯವಾಗಿ ಮಣ್ಣಿಗೆ 200, ಬಂಡೆಗೆ 900 ರೂಪಾಯಿ ಬರೆಯುತ್ತಾನೆ. ಒಟ್ಟು 24.5 ಲಕ್ಷ. ಇನ್ನೊಬ್ಬ ಜಾಗ ಸುತ್ತಿ ನೋಡಿ, ಅಡಿಯಲ್ಲಿ ಬಂಡೆ ಹೆಚ್ಚಿದೆ ಎಂದು ಊಹಿಸಿ ಮಣ್ಣಿಗೆ 120, ಬಂಡೆಗೆ 2,200 ಬರೆಯುತ್ತಾನೆ. ಒಟ್ಟು 23 ಲಕ್ಷ. ಅವನೇ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವನು, ಕೆಲಸ ಅವನಿಗೆ. ಅಗೆದಾಗ ಮಣ್ಣು 7,000, ಬಂಡೆ 3,500 ಘನ ಮೀಟರ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊದಲಿನವನ ದರದಲ್ಲಿ ಆಗುತ್ತಿದ್ದ ಬಿಲ್ಲು 45.5 ಲಕ್ಷ. ಎರಡನೆಯವನ ಬಿಲ್ಲು 85.4 ಲಕ್ಷ. ಇದನ್ನು ತಡೆಯಲು ಕರಾರಿನಲ್ಲಿ ಷರತ್ತುಗಳಿವೆ, ನಿಜ. ಅಸಮತೋಲನದ ದರ ಕಂಡರೆ ವಿವರಣೆ ಕೇಳಿ ಹೆಚ್ಚಿನ ಭದ್ರತಾ ಠೇವಣಿ ಪಡೆಯಬಹುದು, ಪ್ರಮಾಣ ಮಿತಿ ಮೀರಿದರೆ ದರ ಮರುನಿಗದಿ ಮಾಡಬಹುದು. ಹಾಗಾಗಿ ಪೂರ್ತಿ 85 ಲಕ್ಷ ಹೋಗದೆ ಇರಬಹುದು. ಹೋಗುವುದು ಕಾಲ. ದರದ ಜಗಳ, ಪತ್ರ ವ್ಯವಹಾರ, ಕೊನೆಗೆ ನ್ಯಾಯಾಲಯ.

ಇಲ್ಲಿ ತಪ್ಪು ಕಂಡುಹಿಡಿದವನಿಗೆ ಬಹುಮಾನ ಸಿಗುವುದು ಅದನ್ನು ಮುಚ್ಚಿಟ್ಟರೆ ಮಾತ್ರ. ಸಭೆಯಲ್ಲಿ ಎದ್ದುನಿಂತು ನಿಮ್ಮ ಬಂಡೆಯ ಲೆಕ್ಕ ಸರಿಯಿಲ್ಲ ಎಂದವನು ತನ್ನ ಅನುಕೂಲವನ್ನು ಎದುರಾಳಿಗಳಿಗೆಲ್ಲ ಹಂಚಿಬಿಟ್ಟು, ನಾಳೆ ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ಅವನು ಸುಮ್ಮನಿರುವುದನ್ನು ನಾನು ಕಳ್ಳತನ ಎನ್ನಲಾರೆ. ನಾವು ಬರೆದ ನಿಯಮಕ್ಕೆ ತಕ್ಕಂತೆ ಅವನು ಆಡುತ್ತಿದ್ದಾನೆ.

ವಿನ್ಯಾಸದ ಹಂತದಲ್ಲಿ ಗುತ್ತಿಗೆದಾರರನ್ನು ತೊಡಗಿಸಿಕೊಳ್ಳುವ ಪದ್ಧತಿ ಈ ನಿಯಮವನ್ನೇ ತಿರುಗಿಸುತ್ತದೆ. ಅವನ ತಿಳಿವಳಿಕೆಗೆ ಪ್ರತ್ಯೇಕವಾಗಿ ಹಣ ಕೊಡುತ್ತದೆ, ಆಗ ಅದನ್ನು ಬಚ್ಚಿಡುವ ಅಗತ್ಯ ತಪ್ಪುತ್ತದೆ. ಬ್ರಿಟನ್ನಿನಲ್ಲಿ ಬಹಳ ಬಳಕೆಯಲ್ಲಿರುವ ಎನ್‌ಇಸಿ ಮಾದರಿ ಕರಾರಿನ 2017ರ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ಐಚ್ಛಿಕ ಷರತ್ತು ಇದೆ. ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಅನುಭವ, ತಂಡ, ಶುಲ್ಕದ ದರ ಇವುಗಳನ್ನು ನೋಡಿ ಗುತ್ತಿಗೆದಾರನನ್ನು ಆರಿಸುತ್ತಾರೆ. ಅವನು ವಿನ್ಯಾಸಕಾರರ ಜತೆ ಕುಳಿತು ನಕ್ಷೆ, ಕಾಲಪಟ್ಟಿ, ವೆಚ್ಚ ಮೂರನ್ನೂ ಕಡತ ತೆರೆದಿಟ್ಟುಕೊಂಡೇ ರೂಪಿಸುತ್ತಾನೆ. ವೆಚ್ಚ ಒಪ್ಪಿಗೆಯಾದರೆ ಮಾತ್ರ ಎರಡನೆಯ ಹಂತ, ಅಂದರೆ ಕಟ್ಟುವ ಕೆಲಸ. ಒಪ್ಪಿಗೆಯಾಗದಿದ್ದರೆ ಮಾಲೀಕ ಇಲಾಖೆ ಅವನ ಶುಲ್ಕ ಚುಕ್ತಾ ಮಾಡಿ ಬೇರೆ ದಾರಿ ಹಿಡಿಯಬಹುದು. ಅಮೆರಿಕದ ಹೆದ್ದಾರಿ ಕೆಲಸಗಳಿಗೂ ಇಂಥದ್ದೇ ಪದ್ಧತಿಗೆ 2012ರ ಫೆಡರಲ್ ಕಾನೂನು ಅವಕಾಶ ಕೊಟ್ಟಿತು. ಯೂಟಾ ರಾಜ್ಯದ ಸಾರಿಗೆ ಇಲಾಖೆ ಅದಕ್ಕೂ ಮೊದಲೇ ಇದನ್ನು ರೂಢಿಸಿಕೊಂಡಿತ್ತು.

ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಐದನೆಯ ಟರ್ಮಿನಲ್ಲನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿ ಮಾಲೀಕ ಸಂಸ್ಥೆಯೇ ಅಪಾಯದ ಹೊರೆ ಹೊತ್ತುಕೊಂಡು ವಿನ್ಯಾಸಕಾರರನ್ನೂ ಗುತ್ತಿಗೆದಾರರನ್ನೂ ಒಂದೇ ತಂಡವಾಗಿ ಕೂರಿಸಿತು. ಆ ವಿಶಾಲವಾದ ಛಾವಣಿಯ ಒಂದು ಭಾಗವನ್ನು ಬೇರೆಲ್ಲೋ ಮೊದಲೇ ಜೋಡಿಸಿ, ಏನೇನು ತೊಡಕು ಬರುತ್ತದೆಂದು ನೋಡಿಕೊಂಡರು. ಕಟ್ಟಡ ಹೇಳಿದ ಹೊತ್ತಿಗೆ ಸಿದ್ಧವಾಯಿತು. 2008ರ ಮಾರ್ಚ್‌ನಲ್ಲಿ ಬಾಗಿಲು ತೆರೆದ ದಿನವೇ ಸಾಮಾನು ಸಾಗಿಸುವ ವ್ಯವಸ್ಥೆ ಕೈಕೊಟ್ಟು ಮರ್ಯಾದೆ ಹೋಯಿತು ಎನ್ನುವುದನ್ನು ಉದಾಹರಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಕಟ್ಟುವವರನ್ನು ಬೇಗ ಕರೆದಿದ್ದರು, ನಡೆಸುವವರ ತರಬೇತಿಯನ್ನು ಕಡೆಗಣಿಸಿದ್ದರು.

ಇಲ್ಲೊಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಇಪಿಸಿ (ವಿನ್ಯಾಸ, ಸಾಮಗ್ರಿ ಖರೀದಿ, ನಿರ್ಮಾಣ ಮೂರನ್ನೂ ಒಬ್ಬನಿಗೇ ವಹಿಸುವ ಗುತ್ತಿಗೆ) ಇದೆಯಲ್ಲ, ಅದರಲ್ಲಿ ವಿನ್ಯಾಸವೂ ಗುತ್ತಿಗೆದಾರನದೇ ತಾನೇ, ಅದೂ ಇದೂ ಒಂದೇ ಅಲ್ಲವೇ ಎಂದು ಎಂಜಿನಿಯರುಗಳೇ ನನ್ನನ್ನು ಕೇಳುತ್ತಾರೆ. ಒಂದೇ ಅಲ್ಲ, ಹೆಚ್ಚುಕಡಿಮೆ ತಿರುಗುಮುರುಗು. ಇಪಿಸಿಯಲ್ಲಿ ಗುತ್ತಿಗೆದಾರ ವಿನ್ಯಾಸ ಮಾಡುತ್ತಾನೆ, ಆದರೆ ಬೆಲೆ ನಿಗದಿಯಾದ ಮೇಲೆ. ಅಷ್ಟರಲ್ಲಿ ಇಲಾಖೆ ಮಾರ್ಗವನ್ನು ಆರಿಸಿರುತ್ತದೆ, ಭೂಸ್ವಾಧೀನದ ಅಗಲವನ್ನೂ ಗೊತ್ತುಮಾಡಿರುತ್ತದೆ. ಆಮೇಲೆ ಅವನು ಉಳಿಸುವ ಒಂದೊಂದು ರೂಪಾಯಿಯೂ ಅವನದೇ.

ಘಾಟಿ ರಸ್ತೆಯಲ್ಲಿ ಇದರ ಅರ್ಥವೇನು ಎನ್ನುವುದಕ್ಕೆ ಸಣ್ಣ ರೇಖಾಗಣಿತ ಸಾಕು. ಇಪ್ಪತ್ತು ಮೀಟರ್ ಎತ್ತರದ ಗುಡ್ಡವನ್ನು 45 ಡಿಗ್ರಿ ಇಳಿಜಾರಿನಲ್ಲಿ ಕತ್ತರಿಸಿದರೆ ರಸ್ತೆಯಂಚಿನಿಂದ ಒಳಕ್ಕೆ ಇಪ್ಪತ್ತು ಮೀಟರ್ ಜಾಗ ಬೇಕು. 80 ಡಿಗ್ರಿಯಲ್ಲಿ ಕತ್ತರಿಸಿದರೆ ಮೂರೂವರೆ ಮೀಟರ್ ಸಾಕು. ನಡುವೆ ಮೆಟ್ಟಿಲು ಬಿಟ್ಟು ಕತ್ತರಿಸಿದರೆ ಇನ್ನಷ್ಟು ಜಾಗ ಬೇಕು. ಭೂಸ್ವಾಧೀನ ಮುಗಿದ ಮೇಲೆ ಬಂದವನ ಕೈಯಲ್ಲಿ ಆ ಇಪ್ಪತ್ತು ಮೀಟರ್ ಇರುವುದೇ ಇಲ್ಲ. ತಡೆಗೋಡೆ ಕಟ್ಟಿ, ಗುಡ್ಡದೊಳಕ್ಕೆ ಕಬ್ಬಿಣದ ಮೊಳೆ ಹೊಡೆದು, ಬಲೆ ಹಾಕಿ ನಿಲ್ಲಿಸಬಹುದು, ಆದರೆ ಅದರ ಹಣ ಅವನ ಜೇಬಿನಿಂದ ಹೋಗಬೇಕು. ಹಾಸನದಿಂದ ಮಾರನಹಳ್ಳಿಯವರೆಗಿನ ಹೆದ್ದಾರಿ 75ರ ವಿಸ್ತರಣೆಯನ್ನು ನೋಡಿದವರೆಲ್ಲರಿಗೂ ಆ ನೆಟ್ಟಗಿನ ಗೋಡೆಗಳು ನೆನಪಿರುತ್ತವೆ. 2021ರ ಮಳೆಗಾಲದಲ್ಲಿ ದೋಣಿಗಾಲ್ ಬಳಿ ರಸ್ತೆ ಕುಸಿಯಿತು, 2024ರಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡವೇ ರಸ್ತೆಗೆ ಬಂತು. ಗುಡ್ಡವನ್ನು ಲಂಬವಾಗಿ ಕತ್ತರಿಸಿದ್ದಾರೆ ಎಂಬ ಆಕ್ಷೇಪ ಎಲ್ಲೆಡೆ ಕೇಳಿಬಂತು. ಮಳೆ, ಮಣ್ಣು, ಚರಂಡಿ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಒಂದೇ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ಆದರೆ ಭೂಸ್ವಾಧೀನದ ಗೆರೆ ಎಳೆಯುವ ಮೊದಲು, ಘಾಟಿಯಲ್ಲಿ ಗುಡ್ಡ ಕಡಿದು ಅನುಭವವಿರುವ ಯಾರನ್ನಾದರೂ ಹಣ ಕೊಟ್ಟು ಕರೆದು ಈ ಮಣ್ಣು ಎಷ್ಟು ಇಳಿಜಾರಿನಲ್ಲಿ ನಿಂತೀತು ಎಂದು ಕೇಳುವ ಏರ್ಪಾಡು ನಮ್ಮ ಪದ್ಧತಿಯಲ್ಲಿ ಇಲ್ಲ. ನನ್ನ ತಕರಾರು ಇಷ್ಟೇ.

ಈಗ ನಿಮ್ಮ ಕೀಲಿಕೈಯ ಪ್ರಶ್ನೆ. ಅನುಮಾನ ನ್ಯಾಯವಾದದ್ದೇ. ಮೊದಲ ಹಂತದಲ್ಲಿ ಒಳಗೆ ಬಂದವನು ನಕ್ಷೆಯನ್ನು ತನ್ನ ಯಂತ್ರಕ್ಕೆ, ತನ್ನ ಕ್ವಾರಿಗೆ ಹೊಂದುವಂತೆ ತಿರುಗಿಸಿಕೊಳ್ಳಬಹುದು. ಎರಡನೆಯ ಹಂತದ ಬೆಲೆ ಮಾತನಾಡುವಾಗ ಎದುರಿಗೆ ಬೇರೆ ಸ್ಪರ್ಧಿ ಇರುವುದಿಲ್ಲ. ಅಧಿಕಾರಿಗಳಿಗೂ ಅವನಿಗೂ ಸಲುಗೆ ಬೆಳೆಯುತ್ತದೆ, ಆ ಸಲುಗೆ ಎಲ್ಲಿಗೆ ಹೋಗುತ್ತದೆಂದು ಕರ್ನಾಟಕದವರಿಗೆ ವಿವರಿಸಬೇಕಿಲ್ಲ. ಇದಕ್ಕೆ ಹೊರದೇಶಗಳಲ್ಲಿ ಕಂಡುಕೊಂಡ ಮದ್ದು ಎರಡು. ವಿನ್ಯಾಸಕಾರರಿಗೂ ಗುತ್ತಿಗೆದಾರನಿಗೂ ಸಂಬಂಧವಿಲ್ಲದ ಸ್ವತಂತ್ರ ಅಂದಾಜುಗಾರ ಅದೇ ನಕ್ಷೆಗೆ ತಾನೇ ಬೆಲೆ ಕಟ್ಟುತ್ತಾನೆ. ಎರಡೂ ಬೆಲೆಗಳ ನಡುವಿನ ಅಂತರಕ್ಕೆ ಐಟಂ ಐಟಂ ವಿವರಣೆ ಬೇಕು. ಅದರ ಜತೆಗೆ, ಹೊರಬರುವ ಬಾಗಿಲು ನಿಜಕ್ಕೂ ತೆರೆದಿರಬೇಕು. ಬೆಲೆ ಒಪ್ಪಿಗೆಯಾಗದಿದ್ದರೆ ಇಲಾಖೆ ಮಾರನೆಯ ದಿನವೇ ಬಹಿರಂಗ ಟೆಂಡರ್‌ಗೆ ಹೋಗುತ್ತದೆ ಎಂಬ ಭಯ ಗುತ್ತಿಗೆದಾರನಿಗೆ ಇರಬೇಕು. ಉದ್ಘಾಟನೆಯ ದಿನಾಂಕವನ್ನು ಮೊದಲೇ ಘೋಷಿಸಿದ ಸರ್ಕಾರದ ಎದುರು ಅಂಥ ಭಯ ಯಾರಿಗೂ ಹುಟ್ಟುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಇಲಾಖೆಯ ಒಳಗಿನದು. ಗುತ್ತಿಗೆದಾರ ಮೇಜಿನ ಆಚೆ ಕುಳಿತು ಈ ಪೈಲ್ ಬೇಡ, ತೆರೆದ ತಳಪಾಯ ಸಾಕು ಎಂದಾಗ, ಅದು ಊರಿನ ಹಿತವೋ ಅವನ ಹಿತವೋ ಎಂದು ತೂಗಿ ನೋಡಬಲ್ಲ ಎಂಜಿನಿಯರ್ ಈಚೆ ಕುಳಿತಿರಬೇಕು. ನಮ್ಮ ವಿಭಾಗೀಯ ಕಚೇರಿಗಳಲ್ಲಿ ವಿನ್ಯಾಸ ಮಾಡುವ ಅಭ್ಯಾಸವೇ ಹೋಗಿದೆ, ಎಲ್ಲವೂ ಸಲಹಾ ಸಂಸ್ಥೆಗೆ. ಇದ್ದೊಬ್ಬ ಬಲ್ಲವರು ವರ್ಗವಾಗಿ ಹೋಗಿರುತ್ತಾರೆ. ಬಲ್ಲವರು ಇದ್ದರೂ ಟೆಂಡರ್‌ಗೆ ಮುಂಚೆ ಗುತ್ತಿಗೆದಾರನ ಜತೆ ಕುಳಿತದ್ದನ್ನು ನಾಳೆ ಲೆಕ್ಕಪರಿಶೋಧಕರು ಹೇಗೆ ಓದುತ್ತಾರೋ ಎಂದು ಅಂಜುತ್ತಾರೆ. ಆ ಅಂಜಿಕೆಯನ್ನು ನಾನು ಹೇಡಿತನ ಎನ್ನುವುದಿಲ್ಲ. ಬರಹದಲ್ಲಿ ರಕ್ಷಣೆ ಇಲ್ಲದೆ ಯಾರೂ ತಮ್ಮ ಪಿಂಚಣಿಯನ್ನು ಪಣಕ್ಕಿಡುವುದಿಲ್ಲ.

ಕಾನೂನು ಏನು ಹೇಳುತ್ತದೆ? ರಾಜ್ಯದಲ್ಲಿ ಸರ್ಕಾರಿ ಖರೀದಿ ಮತ್ತು ಕಾಮಗಾರಿಗಳನ್ನು ಆಳುವುದು 1999ರ ಪಾರದರ್ಶಕತೆ ಕಾಯ್ದೆ, ಎಲ್ಲರೂ ಕೆಟಿಪಿಪಿ ಎನ್ನುವುದು. ಅದರ ಹಿಂದಿರುವ ಯೋಚನೆ ನೇರ: ಎಲ್ಲರಿಗೂ ಒಂದೇ ಮಾಹಿತಿ, ಅರ್ಹರಲ್ಲಿ ಕಡಿಮೆ ದರದವನಿಗೆ ಕೆಲಸ. ವಿನ್ಯಾಸದಲ್ಲಿ ಕೈಯಾಡಿಸಿದವನು ಅದೇ ಕೆಲಸಕ್ಕೆ ಟೆಂಡರ್ ಹಾಕುವುದು ಹಿತಾಸಕ್ತಿ ಸಂಘರ್ಷ ಎಂಬುದು ಸರ್ಕಾರಿ ಟೆಂಡರ್‌ಗಳಲ್ಲಿ ಸಾಮಾನ್ಯ ನಿಯಮ. ಆದ್ದರಿಂದ ಬ್ರಿಟನ್ನಿನ ಎರಡು ಹಂತದ ಪದ್ಧತಿಯನ್ನು ಇದ್ದಕ್ಕಿದ್ದಂತೆ ತಂದು ಇಲ್ಲಿ ನೆಡಲು ಆಗುವುದಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಯೂ ಇಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸಾಮಾನ್ಯ ಸೂಚನೆಗಳು ಕಾಮಗಾರಿಗಳಲ್ಲೂ ದರದ ಜತೆ ಗುಣಮಟ್ಟಕ್ಕೆ ಅಂಕ ಕೊಡಲು ಅನುಮತಿಸಿದವು, ಗುಣಮಟ್ಟದ ಪಾಲು ಶೇ 30 ಮೀರಬಾರದೆಂಬ ಮಿತಿಯೊಡನೆ. ಅದೇ ಸಚಿವಾಲಯದ ಖರೀದಿ ಕೈಪಿಡಿಯಲ್ಲಿ, ಸಂಕೀರ್ಣವಾದ ಕೆಲಸಗಳಿಗೆ ಟೆಂಡರ್ ಪ್ರಕಟಣೆಗೂ ಮೊದಲೇ ಆಸಕ್ತರೆಲ್ಲರನ್ನು ಬಹಿರಂಗವಾಗಿ ಕರೆದು ಸಮಾಲೋಚನೆ ನಡೆಸಬಹುದು ಎಂದಿದೆ. ಇವು ರಾಜ್ಯವನ್ನು ಕಟ್ಟಿಹಾಕುವ ನಿಯಮಗಳಲ್ಲ, ಆದರೆ ಅಂಜುವ ಎಂಜಿನಿಯರ್ ಕಡತದಲ್ಲಿ ಆಧಾರವಾಗಿ ಬರೆದುಕೊಳ್ಳಬಹುದಾದ ಮಾತುಗಳು. ರಾಜ್ಯ ಸರ್ಕಾರ 2022ರಲ್ಲಿ 50 ಕೋಟಿ ರೂಪಾಯಿಗೆ ಮೀರಿದ ಟೆಂಡರ್‌ಗಳ ಪರಿಶೀಲನೆಗೆ ನಿವೃತ್ತ ನ್ಯಾಯಮೂರ್ತಿಯ ನೇತೃತ್ವದ ಸಮಿತಿ ಮಾಡಿತ್ತು. ಅಂಥ ಪರಿಶೀಲನೆಯಲ್ಲಿ ಷರತ್ತುಗಳ ಜತೆಗೆ, ಈ ನಕ್ಷೆಯನ್ನು ಈ ಜಾಗದಲ್ಲಿ ಕಟ್ಟಬಹುದೇ ಎಂಬ ಪ್ರಶ್ನೆಯನ್ನೂ ಸೇರಿಸಿದರೆ ಎಷ್ಟೋ ಕೆಲಸವಾಗುತ್ತದೆ.

ನನ್ನನ್ನು ಕೇಳಿದರೆ ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಿಗೆ ಸದ್ಯಕ್ಕೆ ಬೇಕಾದದ್ದು ಅರ್ಧ ಹೆಜ್ಜೆ. ಗುತ್ತಿಗೆದಾರನ ಬುದ್ಧಿಯನ್ನು ಬೇಗ ಕರೆಯಿರಿ, ಗುತ್ತಿಗೆಯನ್ನು ಬೇಗ ಕೊಡಬೇಡಿ. ತಾಂತ್ರಿಕ ಮಂಜೂರಾತಿಗೆ ಮೊದಲು, ಕಟ್ಟಿ ಅನುಭವವಿರುವ ಒಬ್ಬಿಬ್ಬರನ್ನು ಶುಲ್ಕ ಕೊಟ್ಟು ನೇಮಿಸಿಕೊಂಡು ನಕ್ಷೆಯನ್ನು ಅವರಿಂದ ತಪಾಸಣೆ ಮಾಡಿಸಬೇಕು. ಅವರು ಆ ಕೆಲಸಕ್ಕೆ ಟೆಂಡರ್ ಹಾಕುವಂತಿಲ್ಲ. ನಿವೃತ್ತ ಸೈಟ್ ಎಂಜಿನಿಯರುಗಳು, ಪಕ್ಕದ ಜಿಲ್ಲೆಯ ಗುತ್ತಿಗೆದಾರರು ಇದಕ್ಕೆ ಸಿಗುತ್ತಾರೆ. ಅವರು ಹೇಳಿದ್ದನ್ನೆಲ್ಲ, ಒಪ್ಪದೆ ಬಿಟ್ಟದ್ದನ್ನೂ ಸೇರಿಸಿ, ಟೆಂಡರ್ ದಾಖಲೆಯ ಜತೆ ಎಲ್ಲರಿಗೂ ಕೊಡಬೇಕು. ಆಗ ಬಂಡೆಯ ಗುಟ್ಟು ಯಾರೊಬ್ಬನ ಆಸ್ತಿಯಾಗಿ ಉಳಿಯುವುದಿಲ್ಲ. ಹಳ್ಳಿಯ ಕಾಂಕ್ರೀಟ್ ರಸ್ತೆಗೆ, ಶಾಲೆಯ ಕೊಠಡಿಗೆ ಇದೆಲ್ಲ ಬೇಕಿಲ್ಲ. ಸಣ್ಣ ಗುತ್ತಿಗೆದಾರರ ಕೆಲಸಕ್ಕೆ ಮತ್ತೊಂದು ಕಾಗದದ ಹೊರೆ ಸೇರಿಸುವುದು ಅನ್ಯಾಯ. ನೆಲದೊಳಗೆ ಏನಿದೆ ಎಂದು ತಿಳಿಯದ ಕಡೆ, ಸಂಚಾರ ನಿಲ್ಲಿಸಲಾಗದ ಕಡೆ, ಮಳೆ ಕಾಲಾವಕಾಶ ಕೊಡದ ಕಡೆ ಬೇಕು.

ನಿಮ್ಮ ಸೇತುವೆಯ ಮಟ್ಟಿಗೆ ಗುತ್ತಿಗೆದಾರ ಈಗಾಗಲೇ ಜಾಗದಲ್ಲಿದ್ದಾನೆ, ನಕ್ಷೆಯೂ ಬದಲಾಗಬೇಕಿದೆ. ತಡವಾಗಿಯಾದರೂ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸುವ ಅವಕಾಶ ನಿಮಗಿದೆ. ಮಾಹಿತಿ ಹಕ್ಕು ಕಾಯ್ದೆಯಡಿ ಮಣ್ಣು ಪರೀಕ್ಷೆಯ ವರದಿಯನ್ನು ಪಡೆಯಿರಿ. ಅದರಲ್ಲಿ ನೋಡಬೇಕಾದದ್ದು: ಕೊಳವೆ ಕೊರೆದದ್ದು ಹಳ್ಳದ ನಡುವೆಯೋ ದಡದಲ್ಲೋ, ಬಂಡೆ ಸಿಕ್ಕಿತು ಎಂದ ಮೇಲೆ ಅದರೊಳಗೆ ಎಷ್ಟು ಮೀಟರ್ ಕೊರೆದಿದ್ದಾರೆ. ಘಟ್ಟದ ಹಳ್ಳಗಳಲ್ಲಿ ದೊಡ್ಡ ಉಂಡೆಗಲ್ಲನ್ನು ತಳಬಂಡೆ ಎಂದು ಬರೆದುಬಿಡುವುದು ಸಾಮಾನ್ಯ. ಕನಿಷ್ಠ ಮೂರು ಮೀಟರ್ ಒಳಗೆ ಹೋಗದ ವರದಿಯನ್ನು ನಂಬಬೇಡಿ. ತಳಬಂಡೆ ಮೇಲೆಯೇ ಇದ್ದರೆ ಪೈಲನ್ನೇ ಬಿಟ್ಟು ತೆರೆದ ತಳಪಾಯ ಹಾಕಬಹುದು. ಆಳದಲ್ಲಿದ್ದರೆ, ಬಿಡಿಬಿಡಿಯಾಗಿ ತಂದು ಜೋಡಿಸುವ ಮುಕ್ಕಾಲಿಯಿಂದ ಉಳಿ ಬೀಳಿಸಿ ಕೊರೆಯುವ ಹಳೆಯ ವಿಧಾನವಿದೆ. ಅದು ನಿಧಾನ, ಆದರೆ ನಿಮ್ಮ ಮೋರಿಗಳ ಮೇಲೆ ಹಾದು ಬರುತ್ತದೆ.

ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಸಲಹಾ ಸಂಸ್ಥೆಯ ವಿನ್ಯಾಸಕಾರರು, ಗುತ್ತಿಗೆದಾರರು ಮೂವರೂ ಹಾಜರಿರುವ ಜಂಟಿ ಸ್ಥಳ ಪರಿಶೀಲನೆಗೆ ಪಂಚಾಯಿತಿಯ ನಿರ್ಣಯ ಮಾಡಿ ಕಳುಹಿಸಿ. ಪ್ರವಾಹ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತೆಂದು ಊರಿನವರು ತೋರಿಸಲಿ, ಅದನ್ನು ಬರೆದುಕೊಂಡು ಸಹಿ ಮಾಡಿಸಿ. ಗುತ್ತಿಗೆದಾರರು ಸೂಚಿಸುವ ಬದಲಾವಣೆಯನ್ನು ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಯ ಸಿವಿಲ್ ವಿಭಾಗದಿಂದ ಪರಿಶೀಲನೆ ಮಾಡಿಸಿ ಎಂದು ಅದೇ ನಿರ್ಣಯದಲ್ಲಿ ಕೇಳಿ. ಅದರ ಶುಲ್ಕ ಪರಿಷ್ಕೃತ ಅಂದಾಜಿನ ಮುಂದೆ ಏನೂ ಅಲ್ಲ. ಯಂತ್ರ ಬರುವ ದಾರಿಯನ್ನು, ಕೆಲಸ ಮಾಡುವ ತಿಂಗಳುಗಳನ್ನು ಹೊಸ ನಕ್ಷೆಯ ಟಿಪ್ಪಣಿಯಲ್ಲೇ ಬರೆಯಲಿ. ಇದೆಲ್ಲ ಮುಗಿದು ಕಡತ ಡಿಸೆಂಬರ್‌ಗೆ ಮುಂಚೆ ಮಂಜೂರಾಗಿ ಬರಬೇಕು. ಜನವರಿ ದಾಟಿದರೆ ತಳಪಾಯ ಮುಗಿಯುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಆಗ ಇನ್ನೊಂದು ವರ್ಷ ಸುತ್ತುಬಳಸಿನ ದಾರಿಯೇ ಗತಿ.